ಜನರೇ ಕೊಟ್ಟ ತೀರ್ಪನ್ನ ಜನರೇ ವಾಪಸ್ ತಗೊಂಡಿದ್ದು: ಐರ್ಲೆಂಡ್, 1983ರಿಂದ 2018

ಇಡೀ ದೇಶ ಓಟ್ ಹಾಕಿ ಒಂದು ತೀರ್ಮಾನ ಮಾಡಿದ್ಮೇಲೆ ಅದನ್ನ ವಾಪಸ್ ತಗೋಬಹುದಾ ಅನ್ನೋ ಪ್ರಶ್ನೆ ಬಂದಾಗೆಲ್ಲ ಎಲ್ಲರೂ ಬ್ರೆಕ್ಸಿಟ್, ಅಂದ್ರೆ ಬ್ರಿಟನ್ ಯುರೋಪಿಯನ್ ಯೂನಿಯನ್ ಬಿಟ್ಟು ಹೊರಗೆ ಹೋಗಿದ್ದರ ಬಗ್ಗೆನೇ ಮಾತಾಡ್ತಾರೆ, ಆದ್ರೆ ಬ್ರೆಕ್ಸಿಟ್ ಓಟು ವಾಪಸ್ ಆಗ್ಲೇ ಇಲ್ವಲ್ಲ, ಅದನ್ನಿಟ್ಕೊಂಡು ಎಷ್ಟು ಅಂತ ಹೇಳೋಕಾಗುತ್ತೆ. ನಿಜವಾಗ್ಲೂ ವಾಪಸ್ ತಗೊಂಡ ದೇಶ ಪಕ್ಕದಲ್ಲೇ ಇದೆ, ಐರ್ಲೆಂಡ್, ಅದೂ ಒಂದ್ ಸಲ ಅಲ್ಲ ಹಲವು ಸಲ. ಅದ್ರಲ್ಲಿ ನಾನು ಇಲ್ಲಿ ಪೂರ್ತಿಯಾಗಿ ಹೇಳ್ಬೇಕು ಅಂತಿರೋದು ಒಂದನ್ನ ಮಾತ್ರ, ಗರ್ಭಪಾತದ ಮೇಲೆ 1983ರಲ್ಲಿ ಹಾಕಿದ್ದ ಸಂವಿಧಾನದ ಎಂಟನೇ ತಿದ್ದುಪಡಿಯನ್ನ 2018ರಲ್ಲಿ ತೆಗೆದುಹಾಕಿದ್ದು. ಮಧ್ಯದಲ್ಲಿ 35 ವರ್ಷ, ನಾಲ್ಕು ಬೇರೆ ಬೇರೆ ಓಟಿನ ಪ್ರಶ್ನೆ, ಎಷ್ಟೋ ಕೋರ್ಟ್ ಕೇಸು, ಮತ್ತೆ ಬೆಳಗಾವಿಯ ಒಬ್ಬ ಹೆಣ್ಣುಮಗಳ ಸಾವು.

ಮೊದ್ಲು ಅಲ್ಲಿನ ರೂಲ್ಸ್ ಏನು ಅಂತ ನೋಡೋಣ, ಯಾಕಂದ್ರೆ ಇದು ಗೊತ್ತಿಲ್ದೆ ಚರ್ಚೆ ಮಾಡಿದ್ರೆ ಎಲ್ಲಾ ಗೋಜಲು. ಬ್ರಿಟನ್‌ನಲ್ಲಿ 2016ರ ರೆಫರೆಂಡಂ (ಒಂದು ಪ್ರಶ್ನೆ ಮೇಲೆ ಇಡೀ ದೇಶ ಹಾಕೋ ಓಟು) ಕಾನೂನಿನ ಲೆಕ್ಕದಲ್ಲಿ ಬರೀ ಸಲಹೆ, ಪಾರ್ಲಿಮೆಂಟ್ ಬೇಕಾದ್ರೆ ಅದನ್ನ ಮೀರಬಹುದಿತ್ತು, ರಾಜಕೀಯವಾಗಿ ಧೈರ್ಯ ಬರ್ಲಿಲ್ಲ ಅಷ್ಟೇ. ಐರ್ಲೆಂಡ್ ಹಾಗಲ್ಲ. ಅಲ್ಲಿ 1937ರ ಸಂವಿಧಾನದ ಒಂದು ಸಾಲು ಬದಲಾಯಿಸ್ಬೇಕು ಅಂದ್ರೂ ಮೊದ್ಲು ಕೆಳಮನೆ ಡಾಲ್‌ನಲ್ಲಿ ಬಿಲ್ ತರ್ಬೇಕು, ಎರಡೂ ಮನೆಯಲ್ಲಿ ಪಾಸ್ ಆಗ್ಬೇಕು, ಆಮೇಲೆ ಜನರ ಮುಂದೆ ಹೋಗ್ಬೇಕು, ಅಲ್ಲಿ ಅರ್ಧಕ್ಕಿಂತ ಒಂದು ಓಟು ಜಾಸ್ತಿ ಬಂದ್ರೂ ಸಾಕು, ಇಷ್ಟೇ ಜನ ಓಟ್ ಮಾಡಿರ್ಬೇಕು ಅನ್ನೋ ಕನಿಷ್ಠ ಮಿತಿನೂ ಇಲ್ಲ. ಜನ ಒಪ್ಪಿದ್ರೆ ಅದು ಸಂವಿಧಾನ. ಸರ್ಕಾರ ಬದಲಾದ್ರೂ, ಪಾರ್ಲಿಮೆಂಟಿಗೆ ಮನಸ್ಸು ಬದಲಾದ್ರೂ, ಆ ಸಾಲನ್ನ ಮುಟ್ಟೋ ಹಾಗಿಲ್ಲ, ಮತ್ತೆ ಜನರ ಹತ್ರನೇ ಬರ್ಬೇಕು. ಅಂದ್ರೆ ವಾಪಸ್ ತಗೊಳ್ಳೋ ದಾರಿ ಇದೆ, ಆದ್ರೆ ಅದು ಒಂದೇ ಒಂದು.

ಈ ಒಂದೇ ದಾರಿ ಅನ್ನೋದೇ 1983ರಲ್ಲಿ ತಿದ್ದುಪಡಿ ಬೇಕು ಅಂದವರ ಲೆಕ್ಕಾಚಾರ ಆಗಿತ್ತು. ಆಗ ಐರ್ಲೆಂಡ್‌ನಲ್ಲಿ ಗರ್ಭಪಾತ ಮೊದ್ಲೇ ಅಪರಾಧ, 1861ರ ಬ್ರಿಟಿಷ್ ಕಾಲದ ಕಾನೂನು ಹಾಗೇ ಇತ್ತು, ಅದನ್ನ ಸಡಿಲ ಮಾಡ್ತೀವಿ ಅಂತ ಯಾವ ದೊಡ್ಡ ಪಕ್ಷನೂ ಹೇಳಿರ್ಲಿಲ್ಲ. ಮತ್ಯಾಕೆ ತಿದ್ದುಪಡಿ ಅಂದ್ರೆ, ಭಯ ಕೋರ್ಟಿನ ಮೇಲೆ. 1973ರಲ್ಲಿ ಐರಿಶ್ ಸುಪ್ರೀಂ ಕೋರ್ಟು ಮೆಗೀ ಕೇಸಲ್ಲಿ ಗಂಡಹೆಂಡತಿಗೆ ಗರ್ಭನಿರೋಧಕ ತರಿಸ್ಕೊಳ್ಳೋ ಹಕ್ಕಿದೆ ಅಂತ ಹೇಳ್ತು, ಅದೇ ವರ್ಷ ಅಮೆರಿಕದಲ್ಲಿ ಗರ್ಭಪಾತ ಹೆಂಗಸಿನ ಹಕ್ಕು ಅಂದ ರೋ ವರ್ಸಸ್ ವೇಡ್ ತೀರ್ಪು ಬಂತು, ಇದನ್ನ ನೋಡಿದವರಿಗೆ ನಾಳೆ ನಮ್ಮ ಜಡ್ಜುಗಳೂ ಹಾಗೇ ಮಾಡಿಬಿಟ್ರೆ ಅಂತ ಅನ್ನಿಸ್ತು. 1981ರಲ್ಲಿ ಒಂದು ಚಳವಳಿ ಶುರುವಾಯ್ತು, ಆಗ ದೇಶದಲ್ಲಿ ಒಂದೂವರೆ ವರ್ಷದಲ್ಲಿ ಮೂರು ಚುನಾವಣೆ, ಎರಡೂ ದೊಡ್ಡ ಪಕ್ಷದ ನಾಯಕರು ಓಟಿನ ಆಸೆಗೆ ಆಯ್ತು ಮಾಡ್ತೀವಿ ಅಂತ ಮಾತು ಕೊಟ್ಟುಬಿಟ್ರು. ಕೋರ್ಟು, ಪಾರ್ಲಿಮೆಂಟು ಇಬ್ಬರ ಕೈಗೂ ಸಿಗದ ಹಾಗೆ ಬೀಗ ಹಾಕಿ ಕೀಲಿಯನ್ನ ಜನರ ಕೈಲಿ ಇಡೋದು, ಅದು ಪ್ಲಾನ್.

ತಿದ್ದುಪಡಿಯ ಪದಗಳು ಹೇಳಿದ್ದೇನಂದ್ರೆ, ಹುಟ್ಟದ ಶಿಶುವಿಗೆ ಬದುಕೋ ಹಕ್ಕಿದೆ, ತಾಯಿಗೂ ಅಷ್ಟೇ ಸಮಾನವಾದ ಹಕ್ಕಿದೆ, ಸಾಧ್ಯವಾದ ಮಟ್ಟಿಗೆ ರಾಜ್ಯ ಅದನ್ನ ಕಾಪಾಡುತ್ತೆ. ಓದೋಕೆ ಸರಳ. ಆದ್ರೆ ಇಬ್ಬರ ಹಕ್ಕು ಡಿಕ್ಕಿ ಹೊಡೆದಾಗ ಡಾಕ್ಟರ್ ಏನ್ ಮಾಡ್ಬೇಕು, ಅಪಾಯ ಎಷ್ಟು ಹತ್ರ ಬಂದ್ರೆ ಕೈ ಹಾಕಬಹುದು, ಅದ್ಯಾವ್ದೂ ಅಲ್ಲಿಲ್ಲ. ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್ 1983ರ ಶುರುವಲ್ಲೇ ಸರ್ಕಾರಕ್ಕೆ ಎಚ್ಚರಿಕೆ ಕೊಟ್ಟಿದ್ರು, ಈ ಪದಗಳು ಅಸ್ಪಷ್ಟ, ಡಾಕ್ಟರುಗಳಿಗೆ ಗೊಂದಲ ಆಗುತ್ತೆ ಅಂತ. ಪ್ರಧಾನಿ ಗ್ಯಾರೆಟ್ ಫಿಟ್ಜ್‌ಜೆರಾಲ್ಡ್ ಬೇರೆ ಪದ ತರೋಕೆ ನೋಡಿದ್ರು, ಸದನದಲ್ಲಿ ಸೋತ್ರು, ಕೊನೆಗೆ ತಮ್ಮದೇ ಅವಧಿಯಲ್ಲಿ ಜನರ ಮುಂದೆ ಹೋದ ತಿದ್ದುಪಡಿಗೆ ಬೇಡ ಅಂತ ಓಟ್ ಹಾಕಿ ಅಂತ ಹೇಳೋ ಸ್ಥಿತಿ ಬಂತು. 1983ರ ಸೆಪ್ಟೆಂಬರ್ 7ಕ್ಕೆ ಓಟಿಂಗ್ ಆಯ್ತು, ಹೌದು ಅಂದವರು 66.9 ಪರ್ಸೆಂಟ್, ಓಟ್ ಮಾಡಿದವರು ಒಟ್ಟು ಮತದಾರರಲ್ಲಿ ಸುಮಾರು 54 ಪರ್ಸೆಂಟ್.

ಮುಂದೆ ಇದನ್ನ ವಾಪಸ್ ತಗೊಂಡಿದ್ದು ಸರಿನಾ ತಪ್ಪಾ ಅಂತ ತೂಗೋವಾಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದೇ: ಆವತ್ತು ಜನ ಒಂದು ಭಾವನೆಗೆ ಓಟ್ ಹಾಕಿದ್ರು, ಅದರ ಪರಿಣಾಮ ಏನು ಅಂತ ಯಾರಿಗೂ ತೋರಿಸಿರ್ಲಿಲ್ಲ, ಎಚ್ಚರಿಸಿದವರ ಮಾತು ಗಲಾಟೆಯಲ್ಲಿ ಮುಳುಗಿಹೋಯ್ತು.

ಪರಿಣಾಮ ಕಾಣಿಸಿದ್ದು 1992ರಲ್ಲಿ. ಹದಿನಾಲ್ಕು ವರ್ಷದ ಒಬ್ಬ ಹುಡುಗಿ, ಅತ್ಯಾಚಾರ ಆಗಿ ಬಸುರಿ, ಅಪ್ಪಅಮ್ಮ ಅವಳನ್ನ ಇಂಗ್ಲೆಂಡಿಗೆ ಕರ್ಕೊಂಡು ಹೋಗೋಕೆ ಹೊರಟ್ರು, ಹೋಗೋ ಮುಂಚೆ ಪೊಲೀಸರ ಹತ್ರ ಭ್ರೂಣದ ಡಿಎನ್‌ಎ ಸಾಕ್ಷಿಯಾಗಿ ನಡೆಯುತ್ತಾ ಅಂತ ಕೇಳಿದ್ರು, ಆ ಒಂದು ಪ್ರಶ್ನೆಯಿಂದ ವಿಷಯ ಅಟಾರ್ನಿ ಜನರಲ್‌ಗೆ ಗೊತ್ತಾಗಿ ಹೈಕೋರ್ಟಿಂದ ಆ ಹುಡುಗಿ ದೇಶ ಬಿಟ್ಟು ಹೋಗಬಾರದು ಅಂತ ತಡೆ ಬಂತು. ದಾಖಲೆಯಲ್ಲಿ ಅವಳ ಹೆಸರು ಬರೀ ಎಕ್ಸ್. ಅವಳು ಪ್ರಾಣ ಕಳ್ಕೊಳ್ಳೋ ಮನಸ್ಥಿತಿಯಲ್ಲಿದ್ಲು. ಬೀದಿಯಲ್ಲಿ ಪ್ರತಿಭಟನೆ ಎದ್ದಿತು, ಫೆಬ್ರವರಿ 26ಕ್ಕೆ ಸುಪ್ರೀಂ ಕೋರ್ಟು ತಡೆ ತೆಗೆದುಹಾಕ್ತು, ಮಾರ್ಚ್ 5ಕ್ಕೆ ಕಾರಣ ಕೊಡ್ತಾ, ಆತ್ಮಹತ್ಯೆಯ ಅಪಾಯನೂ ತಾಯಿಯ ಜೀವಕ್ಕೆ ಅಪಾಯನೇ, ಅಂಥ ಸಂದರ್ಭದಲ್ಲಿ ಗರ್ಭಪಾತ ಐರ್ಲೆಂಡ್‌ನಲ್ಲೇ ಕಾನೂನುಬದ್ಧ ಅಂತ ಹೇಳ್ತು. ನೋಡಿ, ಯಾವ ಕೋರ್ಟಿಗೆ ಅವಕಾಶ ಕೊಡಬಾರದು ಅಂತ ತಿದ್ದುಪಡಿ ತಂದ್ರೋ ಅದೇ ಕೋರ್ಟು ಅದೇ ತಿದ್ದುಪಡಿಯ ‘ಸಮಾನ ಹಕ್ಕು’ ಅನ್ನೋ ಮಾತನ್ನ ಹಿಡ್ಕೊಂಡೇ ಈ ತೀರ್ಪು ಕೊಟ್ಟಿದ್ದು. ಸಂವಿಧಾನದಲ್ಲಿ ಏನೇ ಬರೆದ್ರೂ ಅದನ್ನ ಕೊನೆಗೆ ಓದಿ ಅರ್ಥ ಹೇಳೋದು ಜಡ್ಜುಗಳೇ.

ಅದೇ ವರ್ಷ ನವೆಂಬರಲ್ಲಿ ಜನರ ಮುಂದೆ ಒಟ್ಟಿಗೆ ಮೂರು ಪ್ರಶ್ನೆ ಇಟ್ರು. ಗರ್ಭಪಾತಕ್ಕೆ ಅಂತ ಹೊರದೇಶಕ್ಕೆ ಹೋಗೋದನ್ನ ತಡೆಯಬಾರದು, ಸುಮಾರು 62 ಪರ್ಸೆಂಟ್ ಹೌದು. ಹೊರದೇಶದಲ್ಲಿ ಸಿಗೋ ಸೇವೆ ಬಗ್ಗೆ ಮಾಹಿತಿ ಕೊಡಬಹುದು, ಸುಮಾರು 60 ಪರ್ಸೆಂಟ್ ಹೌದು. ಆತ್ಮಹತ್ಯೆಯ ಅಪಾಯ ಅನ್ನೋ ಕಾರಣನ ಹೊರಗಿಡೋಣ ಅನ್ನೋದಕ್ಕೆ 65 ಪರ್ಸೆಂಟ್ ಬೇಡ. 2002ರಲ್ಲಿ ಇನ್ನೊಂದು ಸರ್ಕಾರ ಆತ್ಮಹತ್ಯೆಯ ಕಾರಣ ತೆಗೆಯೋಕೆ ಮತ್ತೆ ಪ್ರಯತ್ನ ಮಾಡ್ತು, ಹತ್ತೂವರೆ ಸಾವಿರ ಓಟಿನ ಅಂತರದಲ್ಲಿ ಅದೂ ಬಿದ್ದುಹೋಯ್ತು. ಇವನ್ನೆಲ್ಲ ಒಟ್ಟಿಗೆ ನೋಡಿದ್ರೆ ನನಗೆ ಕಾಣೋದು, 1983ರ ತೀರ್ಪು 2018ರಲ್ಲಿ ಒಂದೇ ದಿನ ಉರುಳಿ ಬಿದ್ದಿದ್ದಲ್ಲ, ಜನ 1992ರಿಂದಲೇ ಸ್ವಲ್ಪ ಸ್ವಲ್ಪ ಹಿಂದಕ್ಕೆ ಬರ್ತಾ ಇದ್ರು, ತಮ್ಮ ಮೊದಲ ಮಾತಿಗೆ ವಿನಾಯಿತಿ ಸೇರಿಸ್ತಾ ಇದ್ರು, ಮೊದಲ ಮಾತನ್ನ ಮಾತ್ರ ಮುಟ್ಟೋಕೆ ಯಾರೂ ತಯಾರಿರ್ಲಿಲ್ಲ. ಹಾಗೇ ದೇಶದೊಳಗೆ ನಿಷೇಧ, ಹಡಗು ಹತ್ತಿ ಇಂಗ್ಲೆಂಡಿಗೆ ಹೋದ್ರೆ ಸರಿ, ದುಡ್ಡು ಇದ್ದವರು ವೀಸಾ ತೊಂದ್ರೆ ಇಲ್ಲದವರು ಹೋದ್ರು, ಮಿಕ್ಕವರು ಉಳ್ಕೊಂಡ್ರು.

ಪಾರ್ಲಿಮೆಂಟು ಈ ಹೊತ್ತಲ್ಲಿ ಮಾಡಿದ್ದೇನು ಅಂದ್ರೆ ಏನೂ ಇಲ್ಲ. ಸುಪ್ರೀಂ ಕೋರ್ಟು 1992ರಲ್ಲಿ ಹೇಳಿದ್ದನ್ನ ಕಾನೂನಾಗಿ ಬರೆದು ಡಾಕ್ಟರ್ ಕೈಗೆ ಕೊಡ್ಬೇಕಿತ್ತು, ಇಪ್ಪತ್ತು ವರ್ಷ ಆದ್ರೂ ಬರೀಲಿಲ್ಲ, 2010ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯನೂ ಇದೇ ವಿಷಯಕ್ಕೆ ಐರ್ಲೆಂಡ್ ವಿರುದ್ಧ ಹೇಳ್ತು, ಆಗಲೂ ಎಳೆದಾಡ್ತಾನೇ ಇದ್ರು. ಜನಮತದ ತೀರ್ಪು ಅಂದ್ರೆ ರಾಜಕಾರಣಿಗಳಿಗೆ ಒಂದು ಅನುಕೂಲ ಇದೆ, ಅದನ್ನ ತೋರಿಸಿ ನಮ್ಮ ಕೈಲಿ ಏನೂ ಇಲ್ಲ ಅನ್ನಬಹುದು, ಆದ್ರೆ ಈ ವಿಷಯದಲ್ಲಿ ಅವರ ಕೈಲಿ ಇದ್ದದ್ದನ್ನೂ ಅವರು ಮಾಡ್ಲಿಲ್ಲ, ಇದನ್ನ ನಾನು ಕ್ಷಮಿಸೋಕೆ ತಯಾರಿಲ್ಲ.

2012ರ ಅಕ್ಟೋಬರ್. ಸವಿತಾ ಹಾಲಪ್ಪನವರ, ಬೆಳಗಾವಿಯವರು, ಡೆಂಟಿಸ್ಟ್, ವಯಸ್ಸು 31, ಮೊದಲ ಬಸುರು, ಹದಿನೇಳನೇ ವಾರ. ಅಕ್ಟೋಬರ್ 21ಕ್ಕೆ ಗಾಲ್ವೇ ಊರಿನ ಆಸ್ಪತ್ರೆಗೆ ಸೇರಿದ್ರು, ಗರ್ಭ ಉಳಿಯಲ್ಲ ಅಂತ ಡಾಕ್ಟರುಗಳಿಗೆ ಗೊತ್ತಾಗಿತ್ತು, ಸವಿತಾ ಗರ್ಭ ತೆಗೆದುಬಿಡಿ ಅಂತ ಕೇಳ್ಕೊಂಡ್ರು, ಭ್ರೂಣದ ಹೃದಯಬಡಿತ ಇನ್ನೂ ಇದೆ, ತಾಯಿಯ ಜೀವಕ್ಕೆ ಈಗ ಅಪಾಯ ಇಲ್ಲ, ಹಾಗಾಗಿ ಕಾನೂನು ಬಿಡಲ್ಲ ಅನ್ನೋ ಉತ್ತರ ಬಂತು. ಅಪಾಯ ಬಂದಾಗ ತಡ ಆಗಿತ್ತು. ಸೋಂಕು ರಕ್ತಕ್ಕೆ ಹರಡಿ ಅಕ್ಟೋಬರ್ 28ಕ್ಕೆ ತೀರ್ಕೊಂಡ್ರು. ಇದು ಕ್ಯಾಥೊಲಿಕ್ ದೇಶ ಅನ್ನೋ ಮಾತನ್ನ ಆಸ್ಪತ್ರೆಯಲ್ಲಿ ಅವರಿಗೆ ಹೇಳಿದ್ದು ನಿಜ ಅಂತ ಆಮೇಲೆ ಸಾವಿನ ವಿಚಾರಣೆಯಲ್ಲಿ ಸಾಬೀತಾಯ್ತು. ಆರೋಗ್ಯ ಸೇವೆಯ ಗುಣಮಟ್ಟ ನೋಡೋ ಸಂಸ್ಥೆಯ ವರದಿ, ಅವರನ್ನ ಉಳಿಸಬಹುದಾಗಿದ್ದ 13 ಅವಕಾಶ ಕೈಬಿಟ್ಟುಹೋಯ್ತು ಅಂತ ಹೇಳ್ತು. ಹೌದು, ಅದ್ರಲ್ಲಿ ಚಿಕಿತ್ಸೆಯ ತಪ್ಪುಗಳೂ ಇವೆ, ಸೋಂಕನ್ನ ಬೇಗ ಗುರುತಿಸದೇ ಇದ್ದದ್ದು, ನಿಗಾ ಸರಿ ಇಲ್ಲದ್ದು, ಎಲ್ಲಾ ತಪ್ಪನ್ನ ಒಂದು ತಿದ್ದುಪಡಿ ಮೇಲೆ ಹಾಕೋಕಾಗಲ್ಲ. ಆದ್ರೆ ಹೃದಯಬಡಿತ ನಿಲ್ಲೋ ತನಕ ಕಾಯಬೇಕು ಅನ್ನೋ ಲೆಕ್ಕ ಎಲ್ಲಿಂದ ಬಂತು? ಸದರ್ಲೆಂಡ್ 1983ರಲ್ಲಿ ಎಚ್ಚರಿಸಿದ್ದ ಆ ಗೊಂದಲದಿಂದಲೇ.

ಸುದ್ದಿ ನವೆಂಬರ್ ಮಧ್ಯದಲ್ಲಿ ಪತ್ರಿಕೆಯಲ್ಲಿ ಬಂದಾಗ ಡಬ್ಲಿನ್, ಗಾಲ್ವೇ ಬೀದಿಗಳಲ್ಲಿ ಸಾವಿರಾರು ಜನ ಮೇಣದಬತ್ತಿ ಹಿಡ್ಕೊಂಡು ನಿಂತ್ರು. 2013ರಲ್ಲಿ ಕೊನೆಗೂ ಕಾನೂನು ಬಂತು, ಆದ್ರೆ ಅದು ಎಂಟನೇ ತಿದ್ದುಪಡಿಯ ಒಳಗೇ ಇರ್ಬೇಕಲ್ಲ, ಹಾಗಾಗಿ ಜೀವಕ್ಕೆ ಅಪಾಯ ಇದ್ರೆ ಮಾತ್ರ, ಆತ್ಮಹತ್ಯೆಯ ಕಾರಣ ಆದ್ರೆ ಮೂರು ಡಾಕ್ಟರ್ ಒಪ್ಪಬೇಕು, ಕಾನೂನು ಮೀರಿದ್ರೆ 14 ವರ್ಷದ ತನಕ ಜೈಲು. 2014ರ ಡಿಸೆಂಬರಲ್ಲಿ ಮೆದುಳು ಸತ್ತಿದ್ದ ಒಬ್ಬ ಬಸುರಿ ಹೆಂಗಸನ್ನ ಕುಟುಂಬದ ಇಷ್ಟಕ್ಕೆ ವಿರುದ್ಧವಾಗಿ ಯಂತ್ರದ ಮೇಲೆ ಇಟ್ಟಿದ್ರು, ಡಾಕ್ಟರುಗಳಿಗೆ ತಿದ್ದುಪಡಿಯ ಭಯ, ಕೊನೆಗೆ ಹೈಕೋರ್ಟು ಆದೇಶ ಕೊಟ್ಟು ಯಂತ್ರ ತೆಗೆಸ್ಬೇಕಾಯ್ತು. ಪಾರ್ಲಿಮೆಂಟ್ ಮಾಡೋ ಕಾನೂನಿಂದ ಇದು ಸರಿ ಹೋಗಲ್ಲ, ಮೂಲದ ಸಾಲೇ ಹೋಗ್ಬೇಕು ಅನ್ನೋದು ಸುಮಾರು ಜನಕ್ಕೆ ಆಗ ಅರ್ಥ ಆಯ್ತು.

ಇಲ್ಲಿಂದ ಮುಂದೆ ಐರ್ಲೆಂಡ್ ಹೇಗೆ ನಡ್ಕೊಳ್ತು ಅನ್ನೋದನ್ನ ನಾನು ತುಂಬಾ ಮೆಚ್ಚೋದು. ಒಂದು ಹಳೇ ಜನಮತವನ್ನ ಪ್ರಶ್ನೆ ಮಾಡೋವಾಗ ಮೊದಲ ಆರೋಪ ಬರೋದೇ ಜನರ ತೀರ್ಪಿಗೆ ಬೆಲೆ ಇಲ್ವಾ ಅಂತ. ಐರ್ಲೆಂಡಿಗೆ ಈ ಆರೋಪ ಹೊಸದಲ್ಲ, 2001ರಲ್ಲಿ ಜನ ಯುರೋಪಿಯನ್ ಯೂನಿಯನ್‌ನ ನೀಸ್ ಒಪ್ಪಂದ ಬೇಡ ಅಂದ್ರು, ಮುಂದಿನ ವರ್ಷವೇ ಮತ್ತೆ ಕೇಳಿ ಹೌದು ಅನ್ನಿಸ್ಕೊಂಡ್ರು, 2008ರ ಜೂನಲ್ಲಿ ಅದೇ ಯೂನಿಯನ್‌ನ ಲಿಸ್ಬನ್ ಒಪ್ಪಂದಕ್ಕೆ 53 ಪರ್ಸೆಂಟ್ ಬೇಡ, 2009ರ ಅಕ್ಟೋಬರಲ್ಲಿ 67 ಪರ್ಸೆಂಟ್ ಹೌದು. ಲಿಸ್ಬನ್ ವಿಷಯದಲ್ಲಿ ಮಧ್ಯೆ ತೆರಿಗೆ, ಸೇನಾ ತಟಸ್ಥತೆ, ಯುರೋಪಿಯನ್ ಕಮಿಷನ್ನಲ್ಲಿ ಒಂದು ಸ್ಥಾನ ಇದೆಲ್ಲದರ ಬಗ್ಗೆ ಲಿಖಿತ ಭರವಸೆ ತಂದಿದ್ರು, ಆರ್ಥಿಕ ಕುಸಿತನೂ ಆಗಿತ್ತು, ಹಾಗಾಗಿ ಪರಿಸ್ಥಿತಿ ಬದಲಾಗಿತ್ತು ಅನ್ನೋದು ಸುಳ್ಳಲ್ಲ, ಆದ್ರೂ ಹದಿನಾರು ತಿಂಗಳಲ್ಲಿ ಅದೇ ಒಪ್ಪಂದದ ಅದೇ ಪಠ್ಯವನ್ನ ಮತ್ತೆ ಕೇಳೋದು ನನಗೆ ಸರಿ ಅನ್ಸಲ್ಲ, ಸರ್ಕಾರಕ್ಕೆ ಬೇಕಾದ ಉತ್ತರ ಬರೋ ತನಕ ಕೇಳ್ತಾರೆ ಅನ್ನೋ ಕಹಿ ಜನರಲ್ಲಿ ಉಳಿದುಬಿಡುತ್ತೆ.

ಎಂಟನೇ ತಿದ್ದುಪಡಿ ವಿಷಯದಲ್ಲಿ ಹಾಗೆ ಮಾಡ್ಲಿಲ್ಲ. 2016ರಲ್ಲಿ ಒಂದು ಸಿಟಿಜನ್ಸ್ ಅಸೆಂಬ್ಲಿ ಮಾಡಿದ್ರು, ವಯಸ್ಸು, ಊರು, ಲಿಂಗ, ವರ್ಗ ಎಲ್ಲಾ ದೇಶದ ಹದಕ್ಕೆ ಹೊಂದೋ ಹಾಗೆ ಆಯ್ಕೆ ಮಾಡಿದ 99 ಜನ ಸಾಮಾನ್ಯ ನಾಗರಿಕರು, ಅಧ್ಯಕ್ಷತೆ ಸುಪ್ರೀಂ ಕೋರ್ಟ್ ಜಡ್ಜ್ ಮೇರಿ ಲಾಫೋಯ್ ಅವರದ್ದು. ಐದು ವಾರಾಂತ್ಯ ಕೂತು ಡಾಕ್ಟರು, ವಕೀಲರು, ಎರಡೂ ಕಡೆಯ ಸಂಘಟನೆ, ಈ ಕಾನೂನಿನಡಿ ಅನುಭವಿಸಿದ ಹೆಂಗಸರು, ಎಲ್ಲರ ಮಾತು ಕೇಳಿ 2017ರ ಏಪ್ರಿಲಲ್ಲಿ ಓಟ್ ಹಾಕಿದ್ರು: ಈ ಸಾಲು ಈಗಿರೋ ಹಾಗೆ ಉಳೀಬಾರದು ಅಂದವರು 87 ಪರ್ಸೆಂಟ್, ಕಾರಣ ಕೇಳದೇ ಗರ್ಭಪಾತಕ್ಕೆ ಅವಕಾಶ ಇರ್ಬೇಕು ಅಂದವರು 64 ಪರ್ಸೆಂಟ್. ರಾಜಕಾರಣಿಗಳು ಬೆಚ್ಚಿಬಿದ್ರು, ಇಷ್ಟು ದೂರ ಹೋಗ್ತಾರೆ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ. ಆಮೇಲೆ ಪಾರ್ಲಿಮೆಂಟಿನ ಜಂಟಿ ಸಮಿತಿ ಮತ್ತೆ ತಿಂಗಳುಗಟ್ಟಲೆ ಸಾಕ್ಷ್ಯ ಕೇಳಿ ಹನ್ನೆರಡು ವಾರದ ಮಿತಿ ಅಂತ ಶಿಫಾರಸು ಮಾಡ್ತು. 2018ರ ಮಾರ್ಚಲ್ಲಿ ಡಾಲ್ 110ಕ್ಕೆ 32 ಓಟಿನಲ್ಲಿ ಬಿಲ್ ಪಾಸ್ ಮಾಡ್ತು.

ಅದೇ ಮಾರ್ಚಲ್ಲಿ ಸರ್ಕಾರ ಇನ್ನೊಂದು ಕೆಲ್ಸ ಮಾಡ್ತು, ಓಟಿಂಗ್‌ಗೆ ಮುಂಚೆನೇ, ನೀವು ಹೌದು ಅಂದ್ರೆ ನಾವು ತರೋ ಕಾನೂನು ಇದು ಅಂತ ಕರಡು ರೂಪ ಪ್ರಕಟ ಮಾಡ್ತು. ಎಷ್ಟು ವಾರ, ಯಾವ ಸಂದರ್ಭ, ಮೂರು ದಿನದ ಕಾಯುವಿಕೆ, ಎಲ್ಲಾ ಕಾಗದದ ಮೇಲೆ. ಬ್ರೆಕ್ಸಿಟ್‌ನಲ್ಲಿ ಹೊರಗೆ ಹೋಗೋದು ಅಂದ್ರೆ ಯಾವ ಥರ ಹೊರಗೆ ಅಂತ ಓಟ್ ಆದ್ಮೇಲೆ ಮೂರು ವರ್ಷ ಕಿತ್ತಾಡಿದ್ರು, ಇಲ್ಲಿ ಬೇಡ ಅನ್ನೋರಿಗೂ ತಾವು ಯಾವುದಕ್ಕೆ ಬೇಡ ಅಂತಿದೀವಿ ಅನ್ನೋದು ಸಾಲುಸಾಲಾಗಿ ಗೊತ್ತಿತ್ತು. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ಬೇರೆ ದೇಶ ಕಲೀಬೇಕಾದ ಒಂದೇ ಒಂದು ವಿಷಯ ಇದ್ರೆ ಅದು ಇದು. ಹಳೇ ತೀರ್ಪಿನ ಫಲ ಏನು ಅಂತ ಎಲ್ಲರೂ ಕಣ್ಣಾರೆ ನೋಡಿದ್ರು, ಹೊಸ ತೀರ್ಪಿನ ಫಲ ಏನು ಅಂತ ಓದೋಕೆ ಸಿಕ್ಕಿತ್ತು, ಅಂಥ ಓಟು ಮೊದಲಿನ ಓಟನ್ನ ಮೀರಿಸೋ ಹಕ್ಕು ಪಡ್ಕೊಳ್ಳುತ್ತೆ.

ಪ್ರಚಾರ ಕಹಿಯಾಗೇ ನಡೀತು. ವಿದೇಶಿ ದುಡ್ಡಿನ ಆನ್‌ಲೈನ್ ಜಾಹೀರಾತಿನ ಬಗ್ಗೆ ಎಷ್ಟು ಗಲಾಟೆ ಆಯ್ತು ಅಂದ್ರೆ ಫೇಸ್‌ಬುಕ್ ವಿದೇಶದ ಜಾಹೀರಾತನ್ನ, ಗೂಗಲ್ ಎಲ್ಲಾ ಜಾಹೀರಾತನ್ನ ಮೇ ತಿಂಗಳಲ್ಲಿ ನಿಲ್ಲಿಸ್ತು. ಸವಿತಾ ಅವರ ತಂದೆ ಬೆಳಗಾವಿಯಿಂದ ವಿಡಿಯೋದಲ್ಲಿ ಮಗಳನ್ನ ನೆನಪಿಟ್ಕೊಂಡು ಹೌದು ಅಂತ ಓಟ್ ಹಾಕಿ ಅಂತ ಐರಿಶ್ ಜನರನ್ನ ಕೇಳ್ಕೊಂಡ್ರು. ಹೊರದೇಶದಲ್ಲಿ ಕೆಲ್ಸ ಮಾಡೋ ಎಷ್ಟೋ ಯುವಕ ಯುವತಿಯರು ವಿಮಾನ ಹತ್ತಿ ಬಂದ್ರು, ಅಂಚೆ ಓಟು ಅವರಿಗಿಲ್ಲ, ಬಂದೇ ಹಾಕ್ಬೇಕು. 2018ರ ಮೇ 25ಕ್ಕೆ ಓಟಿಂಗ್: ತಿದ್ದುಪಡಿ ತೆಗೀರಿ ಅಂದವರು 14,29,981, ಬೇಡ ಅಂದವರು 7,23,632. ಪರ್ಸೆಂಟ್ ಲೆಕ್ಕದಲ್ಲಿ 66.4. ಅಂದ್ರೆ 1983ರಲ್ಲಿ ಎಷ್ಟು ದೊಡ್ಡ ಬಹುಮತ ಸೇರಿಸಿತ್ತೋ ಹೆಚ್ಚುಕಮ್ಮಿ ಅಷ್ಟೇ ದೊಡ್ಡ ಬಹುಮತ ತೆಗೆದುಹಾಕ್ತು, ಓಟ್ ಮಾಡಿದವರೂ ಈ ಸಲ ಜಾಸ್ತಿ, 64 ಪರ್ಸೆಂಟ್. ಎಲ್ಲಾ ಕ್ಷೇತ್ರಗಳಲ್ಲಿ ಬೇಡ ಅಂದದ್ದು ಡೊನೆಗಾಲ್ ಒಂದೇ.

ಆ ದಿನ 52 ವರ್ಷಕ್ಕಿಂತ ಚಿಕ್ಕವರಾಗಿದ್ದ ಯಾರಿಗೂ 1983ರಲ್ಲಿ ಓಟಿರ್ಲಿಲ್ಲ, ಆಗ ಅವರಿಗೆ 18 ತುಂಬಿರ್ಲಿಲ್ಲ ಅಥ್ವಾ ಹುಟ್ಟೇ ಇರ್ಲಿಲ್ಲ. ಮಕ್ಕಳು ಹೆರೋ ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಮ್ಮಿ ಯಾರೂ ತಮ್ಮ ಮೈಮೇಲೆ ನಡೀತಿದ್ದ ಆ ನಿಯಮದ ಬಗ್ಗೆ ಅಭಿಪ್ರಾಯ ಹೇಳಿದವರಲ್ಲ. ಜನರ ತೀರ್ಪು ಜನರ ತೀರ್ಪು ಅಂತ ಹೇಳೋವಾಗ ಯಾವ ಜನರ ತೀರ್ಪು ಅಂತ ಕೇಳೋದು ನ್ಯಾಯವೇ ಅಲ್ವಾ. ಹಾಗಂತ ಬೇಡ ಅಂದ ಏಳು ಲಕ್ಷ ಚಿಲ್ಲರೆ ಜನರನ್ನ ಹಳೇ ಕಾಲದವರು ಅಂತ ತಳ್ಳಿಹಾಕೋದು ತಪ್ಪು, ಹುಟ್ಟದ ಜೀವದ ಬಗ್ಗೆ ಅವರ ಕಾಳಜಿ ನಿಜವಾದ್ದೇ, ಈ ಸಾಲು ಹೋದ್ರೆ ನಾಳೆ ಪಾರ್ಲಿಮೆಂಟು ಮಿತಿಯನ್ನ ಎಲ್ಲಿಗಾದ್ರೂ ಒಯ್ಯಬಹುದು ಅನ್ನೋ ಅವರ ವಾದದಲ್ಲೂ ಸತ್ಯ ಇತ್ತು.

ಕೋರ್ಟಿಂದ ತೀರ್ಪು ತಿರುಗಿಸೋಕೆ ಆಗುತ್ತಾ ಅಂತನೂ ಕೆಲವರು ನೋಡಿದ್ರು. ಐರ್ಲೆಂಡ್‌ನಲ್ಲಿ ರೆಫರೆಂಡಂ ಫಲಿತಾಂಶದ ಮೇಲೆ ಅರ್ಜಿ ಹಾಕಬಹುದು, ಆದ್ರೆ ತಪ್ಪು ನಡೆದಿದೆ ಅಂತ ತೋರಿಸಿದ್ರೆ ಸಾಲದು, ಆ ತಪ್ಪಿಂದ ಫಲಿತಾಂಶವೇ ಬದಲಾಗೋ ಮಟ್ಟಿಗೆ ಪರಿಣಾಮ ಆಗಿದೆ ಅಂತ ತೋರಿಸ್ಬೇಕು. 1995ರ ವಿಚ್ಛೇದನದ ರೆಫರೆಂಡಂ ಬರೀ 9,114 ಓಟಿನಲ್ಲಿ ಗೆದ್ದಿತ್ತು, ಅದಕ್ಕೆ ಒಂದು ವಾರ ಮುಂಚೆ ಸುಪ್ರೀಂ ಕೋರ್ಟೇ ಸರ್ಕಾರ ಸಾರ್ವಜನಿಕ ದುಡ್ಡಲ್ಲಿ ಒಂದು ಕಡೆ ಪ್ರಚಾರ ಮಾಡಿದ್ದು ಸಂವಿಧಾನಬಾಹಿರ ಅಂತ ಹೇಳಿತ್ತು, ಇಷ್ಟಿದ್ರೂ ಆ ಫಲಿತಾಂಶವನ್ನ ರದ್ದು ಮಾಡೋಕೆ ಕೋರ್ಟು ಒಪ್ಪಲಿಲ್ಲ. (ಸ್ವಿಟ್ಜರ್ಲೆಂಡಿನ ಸುಪ್ರೀಂ ಕೋರ್ಟು ಮಾತ್ರ 2019ರಲ್ಲಿ ಒಂದು ರಾಷ್ಟ್ರೀಯ ಓಟನ್ನ ರದ್ದು ಮಾಡ್ತು, ದಂಪತಿಗಳ ತೆರಿಗೆ ವಿಷಯದಲ್ಲಿ ಸರ್ಕಾರ ಜನಕ್ಕೆ ತಪ್ಪು ಅಂಕಿ ಕೊಟ್ಟಿತ್ತು, ಮದುವೆ ಆಗಿದ್ದಕ್ಕೆ ಜಾಸ್ತಿ ತೆರಿಗೆ ಕಟ್ಟೋ ಜೋಡಿ 80 ಸಾವಿರ ಅಂದಿದ್ದು ನಿಜವಾಗಿ ನಾಲ್ಕೂವರೆ ಲಕ್ಷ ದಾಟಿತ್ತು.) 2018ರ ಅಂತರ ಏಳು ಲಕ್ಷ ಓಟು, ಅರ್ಜಿಗಳು ಕೋರ್ಟಲ್ಲಿ ಗೆಲ್ಲಲಿಲ್ಲ. ಅಧ್ಯಕ್ಷ ಮೈಕಲ್ ಡಿ. ಹಿಗ್ಗಿನ್ಸ್ ಸೆಪ್ಟೆಂಬರ್ 18ಕ್ಕೆ ಸಹಿ ಹಾಕಿದ್ರು, ಡಿಸೆಂಬರಲ್ಲಿ ಕಾನೂನು ಬಂತು, 2019ರ ಜನವರಿ 1ರಿಂದ ಸೇವೆ ಶುರು.

ಈಗ ಆ ಜಾಗದಲ್ಲಿರೋ ಸಾಲು ಇಷ್ಟೇ: ಗರ್ಭಪಾತದ ನಿಯಂತ್ರಣಕ್ಕೆ ಕಾನೂನು ಮಾಡಬಹುದು. ಇದರ ಅರ್ಥವನ್ನ ಸರಿಯಾಗಿ ಗಮನಿಸ್ಬೇಕು, ಯಾಕಂದ್ರೆ 1983ರಲ್ಲಿ ಜನ ಈ ವಿಷಯನ ಪಾರ್ಲಿಮೆಂಟಿಂದ ಕಿತ್ಕೊಂಡಿದ್ರು, 2018ರಲ್ಲಿ ಜನ ಅದನ್ನ ಪಾರ್ಲಿಮೆಂಟಿಗೆ ವಾಪಸ್ ಕೊಟ್ರು. ಹನ್ನೆರಡು ವಾರ ಅನ್ನೋದು ಸಂವಿಧಾನದಲ್ಲಿಲ್ಲ. ನಾಳೆ ಒಂದು ಸರ್ಕಾರಕ್ಕೆ ಬಹುಮತ ಇದ್ರೆ ಅದನ್ನ ಜಾಸ್ತಿ ಮಾಡಬಹುದು, ಕಮ್ಮಿ ಮಾಡಬಹುದು, ರೆಫರೆಂಡಂ ಬೇಕಿಲ್ಲ. ಮೊದಲ ತೀರ್ಪನ್ನ ಬದಲಾಯಿಸೋಕೆ 35 ವರ್ಷ ಬೇಕಾಯ್ತು, ಎರಡನೇ ತೀರ್ಪಿನ ಮೇಲೆ ಕಟ್ಟಿರೋ ಕಾನೂನನ್ನ ಬದಲಾಯಿಸೋಕೆ ಒಂದು ಸಾಮಾನ್ಯ ಬಿಲ್ ಸಾಕು. ಮೂರು ದಿನದ ಕಾಯುವಿಕೆಯನ್ನ ಕಡ್ಡಾಯ ಮಾಡಬಾರದು ಅಂತ 2023ರಲ್ಲಿ ಬಂದ ಸ್ವತಂತ್ರ ಪರಿಶೀಲನಾ ವರದಿ ಹೇಳಿತ್ತು, ಅದನ್ನ ಒಪ್ಪೋದೋ ಬಿಡೋದೋ ಅನ್ನೋದೂ ಈಗ ಡಾಲ್‌ನ ಸದಸ್ಯರ ಕೆಲ್ಸ, ಅವರನ್ನ ಒತ್ತಾಯ ಮಾಡೋಕೆ ಎರಡೂ ಕಡೆಯವರು ಅವರ ಬಾಗಿಲಿಗೇ ಹೋಗ್ತಿದಾರೆ.